ಬೀಡಿ ಕಟ್ಟಿದ ಕೈಗೆ ಬಾಚಣಿಗೆ ಹಿಡಿಯಲು ಬರುತ್ತಿಲ್ಲ

ಕಾಪು ಕಡೆಯ ದಂಪತಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಂಡತಿಗೆ ಅರುವತ್ತರ ಆಸುಪಾಸು, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಮಿದುಳಿನ ಎಡಭಾಗಕ್ಕೆ ಸ್ಟ್ರೋಕ್ ಆಗಿ ಕೆಲವು ತಿಂಗಳಾಗಿತ್ತು. ಬಲಗೈಗೆ ಶಕ್ತಿ ಬಹುತೇಕ ವಾಪಸ್ ಬಂದಿದೆ, ಹೇಳಿದ್ದು ಅರ್ಥವಾಗುತ್ತದೆ. ಆದರೂ ತಲೆ ಬಾಚು ಅಂದರೆ ಬಾಚಣಿಗೆಯನ್ನು ಅಡ್ಡ ಹಿಡಿದು ಕೆನ್ನೆಗೆ ಒತ್ತುತ್ತಾರೆ, ತಿರುಗಿಸುತ್ತಾರೆ, ಸರಿಹೋಗಲಿಲ್ಲ ಅಂತ ಅವರಿಗೇ ಗೊತ್ತಾಗಿ ಕಣ್ಣು ತುಂಬಿಕೊಳ್ಳುತ್ತಾರೆ.

"ಬೇಕಂತ್ಲೇ ಮಾಡ್ತಾಳೆ ಮೇಡಂ. ಮೊನ್ನೆ ಸ್ನಾನ ಮಾಡಿ ಬಂದು ತಾನೇ ಬಾಚಿಕೊಂಡಿದ್ದಾಳೆ, ನಾನೇ ನೋಡಿದ್ದೇನೆ" ಅಂದರು ಗಂಡ.

ಅವರ ಸಿಟ್ಟಿಗೆ ಕಾರಣ ಅದೇ, ಅಪ್ರಾಕ್ಸಿಯಾ ಅನ್ನುವ ಈ ತೊಂದರೆಯ ಗುರುತೂ ಅದೇ: ಮಾಡು ಅಂದಾಗ ಬಾರದ್ದು ಕೆಲವೊಮ್ಮೆ ತಾನಾಗಿ ಬರುತ್ತದೆ. ನನ್ನೆದುರೂ ಹಾಗೇ ಆಯಿತು. ನಮಸ್ಕಾರ ಮಾಡಿ ತೋರಿಸಿ ಅಂದೆ, ಎರಡೂ ಕೈ ಗಾಳಿಯಲ್ಲಿ ತಡಕಾಡಿದವು. ಅಷ್ಟರಲ್ಲಿ ಹಿರಿಯ ಡಾಕ್ಟರೊಬ್ಬರು ಒಳಗೆ ಬಂದರು, ಕೈ ತಾನಾಗಿ ಜೋಡಿಸಿಕೊಂಡಿತು! ಕೈಯಲ್ಲಿ ಶಕ್ತಿ ಇದೆ, ಮಾಡುವ ಮನಸ್ಸೂ ಇದೆ, ಆದರೆ ಯಾವ ಚಲನೆ ಹೇಗೆ, ಯಾವುದಾದ ಮೇಲೆ ಯಾವುದು ಅಂತ ಮಿದುಳು ಜೋಡಿಸಿ ಕೊಡುವುದು ಕೆಟ್ಟಿದೆ. ಹೆಚ್ಚಿನವರಲ್ಲಿ ಎರಡೂ ಕೈಗೆ ಈ ಕೆಲಸ ಮಾಡಿಕೊಡುವುದು ಎಡ ಮಿದುಳೇ, ಅದಕ್ಕೇ ಎಡಗೈ ಕೂಡ ತಡವರಿಸುತ್ತದೆ. ಜರ್ಮನಿಯ ವೈದ್ಯ ಹ್ಯೂಗೋ ಲೀಪ್ಮನ್ 1900ರಲ್ಲೇ ಅಪ್ರಾಕ್ಸಿಯಾವನ್ನು ವಿವರಿಸಿದ್ದರು, ನಮ್ಮ ಮನೆಗಳಲ್ಲಿ ಮಾತ್ರ ಇವತ್ತಿಗೂ ಇದಕ್ಕೆ ಹಠ ಅಂತಲೇ ಹೆಸರು.

ಗಂಡನಿಗೆ ಹೇಳಿದೆ: ಇದಕ್ಕೆಂದೇ ಮಾತ್ರೆ ಇಲ್ಲ, ಆಕ್ಯುಪೇಶನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವ ಚಿಕಿತ್ಸೆ ಬೇಕು, ಮಣಿಪಾಲಕ್ಕೆ ಕರೆದುಕೊಂಡು ಹೋಗಿ. ಮನೆಯಲ್ಲಿ "ಮಾಡು ನೋಡುವ" ಅಂತ ಪರೀಕ್ಷೆ ಮಾಡಲೇಬೇಡಿ. ಸ್ನಾನ ಆದ ಮೇಲೆ, ಅದೇ ಕನ್ನಡಿ ಎದುರು, ಬಾಚಣಿಗೆ ಕೊಡಿ. ಹಿಂದೆ ನಿಂತು ಅವರ ಕೈ ಮೇಲೆ ನಿಮ್ಮ ಕೈ ಇಟ್ಟು ಮೊದಲಿಂದ ಕೊನೆತನಕ ಸರಿಯಾಗಿ ಮಾಡಿಸಿ, ತಪ್ಪಿದ ಮೇಲೆ ತಿದ್ದುವುದಲ್ಲ, ತಪ್ಪುವ ಮೊದಲೇ ಹಿಡಿಯಿರಿ. ದಿನ ಕಳೆದ ಹಾಗೆ ಹಿಡಿತ ಸಡಿಲ ಮಾಡಿ. ಗ್ಯಾಸ್ ಒಲೆ, ಚಾಕು, ಬೀಡಿ ಎಲೆಯ ಕತ್ತರಿ ಹತ್ತಿರ ಒಬ್ಬರನ್ನೇ ಬಿಡಬೇಡಿ.

ಇನ್ನೊಂದು, ತಲೆ ಬಾಚಲು ಕಲಿತರೆ ರವಿಕೆಯ ಹುಕ್ ಹಾಕಲೂ ಬರುತ್ತದೆ ಅಂತಲ್ಲ. ಒಂದೊಂದು ಕೆಲಸವನ್ನೂ ಬೇರೆಯಾಗಿಯೇ ರೂಢಿ ಮಾಡಿಸಬೇಕು. ಹಾಗಾಗಿ ಮೊದಲು ಯಾವುದು ಬೇಕು ಅಂತ ಅವರನ್ನೇ ಕೇಳಬೇಕಲ್ವಾ? ಕೇಳಿದೆ. ನಿಧಾನಕ್ಕೆ ಹೇಳಿದರು: "ಗಂಜಿ... ನಾನೇ ಉಣ್ಬೇಕು."

ಅದನ್ನೇ ಮೊದಲಿಗೆ ಇಟ್ಟುಕೊಂಡೆವು. ಊಟದ ಹೊತ್ತಿಗೆ ಟಿವಿ ಬಂದ್, ಬಟ್ಟಲು ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ, ಎದುರಿಗೆ ಒಂದೇ ಚಮಚ. ಎಷ್ಟು ದಿನದಲ್ಲಿ ಗುಣ ಅಂತ ಗಂಡ ಕೇಳಿದರು. ದಿನ ಲೆಕ್ಕ ಹಾಕಿ ಹೇಳಲು ಆಗುವುದಿಲ್ಲ, ತುಂಬಾ ಜನ ಸುಧಾರಿಸುತ್ತಾರೆ, ಸ್ವಲ್ಪ ತೊಡಕು ಉಳಿಯಲೂಬಹುದು ಅಂತ ಇದ್ದದ್ದನ್ನೇ ಹೇಳಿದೆ. ಮುಂದಿನ ಸಲ ಮಗನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ, ಮನೆಯಲ್ಲಿ ಜಾಸ್ತಿ ಅವಸರ ಮಾಡುವುದು ಅವನೇ ಅಂತೆ.