ಪಿಕಪ್‌ನ ಏರ್‌ಫ್ಲೋ ಸೆನ್ಸರ್ ಬದಲಿಸುವ ಮೊದಲು

ಮಲ್ಪೆಯಿಂದ ಮೀನು ಸಾಗಿಸುವ ನಿಮ್ಮ ಡೀಸೆಲ್ ಪಿಕಪ್ ಶಿರಾಡಿ ಘಾಟಿಯ ಏರಿನಲ್ಲಿ ಕಪ್ಪು ಹೊಗೆ ಉಗುಳಿ ಪುಲ್ಲಿಂಗ್ ಕಳೆದುಕೊಳ್ಳುತ್ತಿದೆ, ಸ್ಕ್ಯಾನರಿನಲ್ಲಿ ಪಿ0101 ಕೋಡ್ ಬಂದಿದೆ, ಗ್ಯಾರೇಜಿನವರು ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್ ಬದಲಿಸಬೇಕೆನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಸದ್ಯಕ್ಕೆ ಬದಲಿಸಬೇಡಿ. ಸೆನ್ಸರ್ ಹೇಳುವ ಗಾಳಿಯ ಪ್ರಮಾಣವು ಎಂಜಿನ್ನಿನ ವೇಗ ಮುಂತಾದವುಗಳಿಂದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹಾಕಿದ ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ ಎಂಬುದಷ್ಟೇ ಆ ಕೋಡಿನ ಅರ್ಥ. ಸಿಗ್ನಲ್ಲೇ ತೀರಾ ಕೆಳಗಿಳಿದರೆ ಪಿ0102, ತೀರಾ ಮೇಲೇರಿದರೆ ಪಿ0103 ಬರುತ್ತದೆ.

ಇದೇ ಕೋಡಿಗೆ ನಾನೂ ಒಮ್ಮೆ ಹೊಸ ಸೆನ್ಸರ್ ಹಾಕಿಸಿ, ಮಂಗಳೂರಿನ ಪಂಪ್‌ವೆಲ್ ದಾಟುವ ಮೊದಲೇ ಎಂಜಿನ್ ದೀಪ ಮತ್ತೆ ಹೊತ್ತಿದ್ದನ್ನು ಕಂಡವನು. ಕೊನೆಗೆ ದೋಷ ಸಿಕ್ಕಿದ್ದು ಟರ್ಬೊ ಒತ್ತಿ ಕಳಿಸುವ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿನ ಹೋಸಿನಲ್ಲಿ: ಕ್ಲ್ಯಾಂಪಿನ ಕೆಳಬದಿಗೆ ಉಗುರಿನಷ್ಟು ಉದ್ದದ ಸೀಳು, ಅದರ ಸುತ್ತ ಎಣ್ಣೆ ಜಿನುಗಿ ಧೂಳು ಮೆತ್ತಿದ ಕರಿಕಲೆ. ಗಾಡಿ ನಿಂತಿದ್ದಾಗ ಮುಚ್ಚಿಕೊಂಡೇ ಇರುತ್ತಿದ್ದ ಆ ಸೀಳು ಟರ್ಬೊ ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಸೆನ್ಸರ್ ಅಳೆದ ಗಾಳಿಯಲ್ಲಿ ಒಂದು ಪಾಲು ದಾರಿಯಲ್ಲೇ ಸೋರಿಹೋದರೆ, ಒಳಗೆ ಉಳಿದ ಗಾಳಿಗೆ ಡೀಸೆಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ. ನಿಮ್ಮ ಗಾಡಿಯೂ ಏರಿನಲ್ಲೇ ಸೋಲುತ್ತಿರುವುದರಿಂದ ನನ್ನ ಮೊದಲ ಅನುಮಾನ ಹೋಸಿನ ಮೇಲೆ.

ಏರ್ ಫಿಲ್ಟರ್ ನೋಡುವುದು ಎರಡು ನಿಮಿಷದ ಕೆಲಸ. ಸೆನ್ಸರಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ಎಂದೂ ನೋಡಿ. ನಮ್ಮ ಕಡೆಯ ಉಪ್ಪುಗಾಳಿ ಮತ್ತು ಮಳೆಗೆ ಅದು ಹೊಸತಲ್ಲ. ಮತ್ತೆ ಜೋಡಿಸಿ, ಎಂಜಿನ್ ಐಡಲ್‌ನಲ್ಲಿರುವಾಗ ವೈರನ್ನು ಮೆಲ್ಲಗೆ ಅಲುಗಿಸಿದರೆ ಸ್ಕ್ಯಾನರಿನಲ್ಲಿ ಕಾಣುವ ಗಾಳಿಯ ಅಂಕಿ ಜಿಗಿಯಬಾರದು. ಆಕ್ಸಿಲರೇಟರ್ ಒತ್ತಿದಾಗ ಅದು ತಡವರಿಸದೆ ಏರಬೇಕು. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ನಿಂತಿದ್ದರೆ ಹೊರಗಿನಿಂದ ಬರುವ ಗಾಳಿ ನಿಜವಾಗಿಯೂ ಕಡಿಮೆಯಾಗುತ್ತದೆ. ಆಗ ಸೆನ್ಸರ್ ಸತ್ಯ ಹೇಳಿಯೂ ಅಪವಾದ ಹೊರುತ್ತದೆ, ಪಾಪ.

ಕಪ್ಲರ್ ಕಳಚಿ ಓಡಿಸಿದಾಗ ಗಾಡಿ ಚೆನ್ನಾಗಿ ಎಳೆದರೆ ಸೆನ್ಸರೇ ಕೆಟ್ಟಿದೆ ಎಂದು ಕೆಲವರು ತೀರ್ಮಾನಿಸುತ್ತಾರೆ. ಆದರೆ ಹಾಗೆ ಕಳಚಿದಾಗ ಅನೇಕ ಡೀಸೆಲ್ ಗಾಡಿಗಳಲ್ಲಿ ಇಸಿಯು ಇಜಿಆರನ್ನೂ ಮುಚ್ಚಿಬಿಡುತ್ತದೆ. ಗಾಡಿ ಚೆನ್ನಾಗಿ ಎಳೆದದ್ದು ಅದರಿಂದಲೂ ಇರಬಹುದಾದ್ದರಿಂದ, ಆ ಪರೀಕ್ಷೆಯೊಂದನ್ನೇ ನಾನು ನಂಬುವುದಿಲ್ಲ.

ಇವೆಲ್ಲ ಸರಿಯಿದ್ದರೆ ಸೆನ್ಸರನ್ನು ಹೊರತೆಗೆದು, ಅದಕ್ಕೆಂದೇ ಸಿಗುವ ಕ್ಲೀನರ್ ಸ್ಪ್ರೇ ಹೊಡೆದು, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಒಳಗಿನ ಬಿಸಿಯಾಗುವ ಎಳೆ ಬಹಳ ನಾಜೂಕಾದದ್ದು. ಬಟ್ಟೆ, ಬ್ರಷ್, ಕಾರ್ಬುರೇಟರ್ ಕ್ಲೀನರ್ ಯಾವುದನ್ನೂ ತಾಗಿಸಬೇಡಿ. ಆಮೇಲೂ ಅಂಕಿ ತಾಳೆಯಾಗದಿದ್ದರೆ, ಹಳೆಯದರ ಪಾರ್ಟ್ ನಂಬರ್ ನೋಡಿಕೊಂಡು ಅದೇ ನಂಬರಿನ ಹೊಸದನ್ನು ಹಾಕಿಸಿ.