ಓದುಗರ ಪ್ರಶ್ನೆ: ಕೆಡುತ್ತಿರುವ ಹಾರ್ಡ್ ಡಿಸ್ಕ್, ಉಳಿಯಬೇಕಾದ ಧ್ವನಿಮುದ್ರಣ

ಪ್ರಶ್ನೆ: ಜಾನಪದ ವಿಷಯದಲ್ಲಿ ಸಂಶೋಧನೆ ಮಾಡುತ್ತಿರುವ ನಾನು ಗದಗ ಮತ್ತು ರೋಣದ ಸುತ್ತಲಿನ ಹಳ್ಳಿಗಳಲ್ಲಿ ಮುದ್ರಿಸಿಕೊಂಡ ಹಂತಿ ಪದಗಳು (ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಾಡುಗಳು), ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಬಂಧದ ಅಧ್ಯಾಯಗಳು ಹಾಗೂ ಮನೆಯವರ ಫೋಟೊಗಳು ಹಳೆಯ ಲ್ಯಾಪ್‌ಟಾಪ್‌ನ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿವೆ. ಹಾಡಿದ ಹಿರಿಯರಲ್ಲಿ ಕೆಲವರು ಈಗಿಲ್ಲ. ಇತ್ತೀಚೆಗೆ ಕೆಲವು ಫೋಲ್ಡರ್ ತೆರೆದರೆ ಲ್ಯಾಪ್‌ಟಾಪ್ ಹಾಗೆಯೇ ನಿಂತುಬಿಡುತ್ತದೆ. ಆನ್ ಮಾಡಿದಾಗಲೆಲ್ಲ ಡಿಸ್ಕನ್ನು ಸರಿಪಡಿಸುತ್ತಿರುವುದಾಗಿ ವಿಂಡೋಸ್ ತೋರಿಸುತ್ತದೆ. ಮೊದಲು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕೋಣ, ಆಮೇಲೆ ಸಾಫ್ಟ್‌ವೇರ್‌ನಿಂದ ಕಡತಗಳನ್ನು ತೆಗೆಯೋಣ ಎಂದು ದುರಸ್ತಿ ಅಂಗಡಿಯವರು ಹೇಳುತ್ತಾರೆ. ಒಪ್ಪಬಹುದೇ?
— ಓದುಗರು, ಧಾರವಾಡ

ಉತ್ತರ: ದಯವಿಟ್ಟು ಒಪ್ಪಬೇಡಿ. ವಿಂಡೋಸ್ ವಿಸ್ಟಾ ಬಂದಾಗಿನಿಂದ ಪೂರ್ಣ ಫಾರ್ಮ್ಯಾಟ್ ಎಂಬುದು ಡಿಸ್ಕಿನ ಉದ್ದಕ್ಕೂ ಸೊನ್ನೆಗಳನ್ನು ಬರೆಯುತ್ತದೆ. ಹಾಗೆ ಬರೆದ ಜಾಗದಿಂದ ಯಾವ ಸಾಫ್ಟ್‌ವೇರ್ ಕೂಡ ಹಳೆಯದನ್ನು ತಂದುಕೊಡಲಾರದು. ಕಡತಗಳ ಪಟ್ಟಿಯನ್ನಷ್ಟೇ ಹೊಸದಾಗಿಸುವ ಕ್ವಿಕ್ ಫಾರ್ಮ್ಯಾಟ್ ಅಷ್ಟು ಹಾನಿ ಮಾಡದಿದ್ದರೂ, ಅದರ ಮೇಲೆ ಹೊಸದಾಗಿ ಹಾಕುವ ವಿಂಡೋಸ್ ಹತ್ತಾರು ಜಿಬಿ ಜಾಗವನ್ನು ತುಂಬಿಕೊಳ್ಳುತ್ತದೆ, ಮತ್ತು ಆ ಜಾಗದಲ್ಲಿ ಇದ್ದದ್ದು ನಿಮ್ಮ ಮುದ್ರಣವೋ ಅಲ್ಲವೋ ಎಂಬುದನ್ನು ನೋಡುವುದಿಲ್ಲ. ಕೆಡುತ್ತಿರುವ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು, ಅದರಿಂದ ಓದಿಕೊಳ್ಳುವುದನ್ನಷ್ಟೇ ಮಾಡಬೇಕು.

ಇದೇ ಕಾರಣಕ್ಕೆ ವಿಂಡೋಸ್ ತಾನಾಗಿ ನಡೆಸುತ್ತಿರುವ ದುರಸ್ತಿಯೂ ಈಗ ನಿಮಗೆ ಅಪಾಯಕಾರಿ. ಚೆಕ್‌ಡಿಸ್ಕ್ ಎಂಬ ಆ ಸಾಧನ ಕಡತವ್ಯವಸ್ಥೆಯ ಲೆಕ್ಕ ಸರಿಹೊಂದಿಸುವುದಕ್ಕಾಗಿ ಇರುವಂಥದ್ದು. ಲೆಕ್ಕಕ್ಕೆ ಹೊಂದದ ದಾಖಲೆಗಳನ್ನು ಅದು ತಿದ್ದುತ್ತದೆ ಅಥವಾ ಕಿತ್ತುಹಾಕುತ್ತದೆ. ಡಿಸ್ಕಿನ ಒಳಗಿನ ಬಿಲ್ಲೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತವೆ. ಓದುವ ಹೆಡ್ ಅವುಗಳ ಮೇಲೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತದೆ. ಹೆಡ್ಡಾಗಲಿ ಬಿಲ್ಲೆಯ ಮೇಲ್ಮೈಯಾಗಲಿ ಕೆಡಲು ಆರಂಭಿಸಿದ ಮೇಲೆ ಡಿಸ್ಕ್ ಸುಮ್ಮನೆ ತಿರುಗಿದಷ್ಟೂ ಹಾನಿ ಹರಡುವ ಸಾಧ್ಯತೆಯಿರುತ್ತದೆ. ಆದ್ದರಿಂದ ಲ್ಯಾಪ್‌ಟಾಪನ್ನು ಈಗಲೇ ಆಫ್ ಮಾಡಿ, ಸಿದ್ಧತೆ ಪೂರ್ಣವಾಗುವ ತನಕ ಮತ್ತೆ ಆನ್ ಮಾಡಬೇಡಿ.

ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಲಯಬದ್ಧವಾಗಿ ಬರುತ್ತಿದ್ದರೆ, ಕೆರೆಯುವ ಸದ್ದು ಕೇಳಿದರೆ ಅಥವಾ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯಬಹುದಾದ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ ಪರದೆಯಲ್ಲಿ) ಡಿಸ್ಕ್ ಕಾಣಿಸದೇ ಹೋದರೆ ಮುಂದೆ ಹೇಳುವ ಯಾವುದನ್ನೂ ಮನೆಯಲ್ಲಿ ಪ್ರಯತ್ನಿಸಬೇಡಿ. ಹೆಡ್ ಬದಲಿಸುವ ಕೆಲಸವನ್ನು ಧೂಳಿಲ್ಲದ ಕ್ಲೀನ್‌ರೂಮಿನಲ್ಲಿ, ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬಿಡಿಭಾಗ ಇಟ್ಟುಕೊಂಡು ಮಾಡಬೇಕಾಗುತ್ತದೆ. ನಮ್ಮ ಎರಿ ಹೊಲಗಳ ಸೀಮೆಯಲ್ಲಿ ಬೇಸಿಗೆಯ ಗಾಳಿ ಹೊತ್ತು ತರುವ ಧೂಳನ್ನು ಬಲ್ಲವರು ಡಿಸ್ಕಿನ ಮುಚ್ಚಳವನ್ನು ಮೇಜಿನ ಮೇಲೆ ಬಿಚ್ಚುವ ಮಾತನ್ನೇ ಆಡಬಾರದು. ಆ ಧೂಳಿನ ಒಂದು ಕಣವೇ ಹೆಡ್ ತೇಲುವ ಅಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಫ್ರಿಜ್‌ನಲ್ಲಿಟ್ಟು ನೋಡಿ ಎಂಬ ಸಲಹೆಯನ್ನೂ ಕೇಳಬೇಡಿ, ತೇವ ಒಳಗೆ ಹನಿಗಟ್ಟುತ್ತದೆ. ಇಂಥ ಡಿಸ್ಕನ್ನು ಬೆಂಗಳೂರಿನಂಥ ನಗರದ ಡೇಟಾ ರಿಕವರಿ ಪ್ರಯೋಗಾಲಯಕ್ಕೆ ಕೊಡಬೇಕು. ಕೊಡುವ ಮೊದಲು ಕ್ಲೀನ್‌ರೂಮ್ ಅವರದೇ ಆಗಿದೆಯೇ, ತಪಾಸಣೆಗೆ ಎಷ್ಟು ಶುಲ್ಕ, ಏನೂ ಸಿಗದಿದ್ದರೆ ಎಷ್ಟು ಕೊಡಬೇಕು ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಿ.

ನಿಮ್ಮ ಪತ್ರದಲ್ಲಿ ಸದ್ದಿನ ಪ್ರಸ್ತಾಪವಿಲ್ಲ. ಹಾಗಿದ್ದರೆ ಓದಲಾಗದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಣುಕುಗಳು) ಹೆಚ್ಚುತ್ತಿರುವ ಡಿಸ್ಕ್ ಅದಾಗಿರಬಹುದು, ಮತ್ತು ಅದರಿಂದ ಬಹುಪಾಲು ಉಳಿಸಿಕೊಳ್ಳುವ ಆಸೆ ಇಟ್ಟುಕೊಳ್ಳಬಹುದು. 2 ಟಿಬಿಯ ಹೊಸ ಎಕ್ಸ್‌ಟರ್ನಲ್ ಡಿಸ್ಕ್ ಒಂದನ್ನು ತನ್ನಿ. ಇನ್ನೊಂದು ಕಂಪ್ಯೂಟರಿನಲ್ಲಿ, ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್‌ನ ಬೂಟ್ ಮಾಡಬಲ್ಲ ಪೆನ್‌ಡ್ರೈವ್ ಸಿದ್ಧಪಡಿಸಿ, ಲ್ಯಾಪ್‌ಟಾಪನ್ನು ವಿಂಡೋಸ್‌ನಿಂದಲ್ಲದೆ ಅದರಿಂದ ಆರಂಭಿಸಿ. ಡಿಸ್ಕನ್ನು ಓದಲು ಮಾತ್ರ ಅನುಮತಿಸುವ ರೀತಿಯಲ್ಲಿ ತೆರೆದು, ಪ್ರಬಂಧದ ಫೋಲ್ಡರನ್ನು ಮೊದಲು ನಕಲಿಸಿ. ಇಡೀ ಡಿಸ್ಕಿನ ಪ್ರತಿಯನ್ನೇ ಮೊದಲು ತೆಗೆಯಬೇಕು ಎನ್ನುವವರಿದ್ದಾರೆ. ಆದರೆ ಪಠ್ಯದ ಕಡತಗಳು ಕೆಲವೇ ಎಂಬಿಯಷ್ಟಿದ್ದು ನಿಮಿಷಗಳಲ್ಲಿ ಕೈಗೆ ಸಿಗುವಾಗ ಅವನ್ನು ಕಾಯಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ನಕಲು ಎಲ್ಲಾದರೂ ಸಿಕ್ಕಿಬಿದ್ದರೆ ಹಟ ಹಿಡಿಯದೆ ನಿಲ್ಲಿಸಿಬಿಡಿ.

ಆಮೇಲೆ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನದಿಂದ ಇಡೀ ಡಿಸ್ಕಿನ ಇಮೇಜ್ ಪ್ರತಿಯನ್ನು (ಡಿಸ್ಕಿನಲ್ಲಿದ್ದುದನ್ನೆಲ್ಲ ಇದ್ದ ಹಾಗೆಯೇ ಒಂದೇ ಕಡತವಾಗಿ) ಹೊಸ ಡಿಸ್ಕಿಗೆ ತೆಗೆಯಬೇಕು. ಇದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಬಹುದಾದ ಭಾಗಗಳನ್ನು ಎತ್ತಿಕೊಂಡು, ಕೆಟ್ಟ ಭಾಗಗಳನ್ನು ಹಾರಿಸಿ, ಅವುಗಳ ಬಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯತನಕ ಓದಿದ್ದೇನೆ ಎಂಬುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಆದರೆ ಆ ಫೈಲನ್ನು ಪೆನ್‌ಡ್ರೈವಿನ ತಾತ್ಕಾಲಿಕ ಜಾಗದಲ್ಲಿ ಬಿಡದೆ ಹೊಸ ಡಿಸ್ಕಿನಲ್ಲಿಯೇ ಇಡಬೇಕು. ಆರೋಗ್ಯವಂತ ಡಿಸ್ಕಿಗೆ ಕೆಲವು ಗಂಟೆ ಸಾಕಾಗುವ ಈ ಕೆಲಸ ನಿಮ್ಮ ಡಿಸ್ಕಿಗೆ ದಿನಗಳನ್ನೇ ತೆಗೆದುಕೊಳ್ಳಬಹುದು. ಕರೆಂಟು ಹೋದರೆ ನಡುವೆ ನಿಲ್ಲದಂತೆ ಯುಪಿಎಸ್ ವ್ಯವಸ್ಥೆ ಮಾಡಿಕೊಳ್ಳಿ. ಆದೇಶ ಕೊಡುವಾಗ ಮೂಲ ಡಿಸ್ಕ್ ಯಾವುದು, ಹೊಸದು ಯಾವುದು ಎಂಬುದನ್ನು ಎರಡು ಬಾರಿ ನೋಡಿ, ಅದಲುಬದಲಾದರೆ ಎಲ್ಲವೂ ಅಳಿಸಿಹೋಗುತ್ತದೆ. ಲಿನಕ್ಸ್ ಬಳಸಿ ಅಭ್ಯಾಸವಿಲ್ಲದಿದ್ದರೆ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹುಡುಕಾಟವೆಲ್ಲ ಪ್ರತಿಯ ಮೇಲೆ ನಡೆಯಲಿ. ಫೋಲ್ಡರ್‌ಗಳ ರಚನೆ ಹಾಳಾಗಿದ್ದರೆ ಫೋಟೊರೆಕ್ ಎಂಬ ಉಚಿತ ಸಾಧನ ಚಿತ್ರ, ಧ್ವನಿ, ಬರಹದ ಕಡತಗಳನ್ನು ಅವುಗಳ ಒಳಗಿನ ಗುರುತಿನಿಂದಲೇ ಹುಡುಕಿಕೊಡುತ್ತದೆ, ಆದರೆ ಮೂಲ ಹೆಸರುಗಳು ಉಳಿಯುವುದಿಲ್ಲ. ಯಾವ ಪದ ಯಾರದು, ಯಾವ ಊರಿನದು ಎಂಬುದನ್ನು ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕ ಹಿಡಿದು, ಕೇಳಿ ಕೇಳಿ ಹೊಂದಿಸಬೇಕಾದೀತು. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಕೆಟ್ಟಿವೆಯೆಂದು ಅಳಿಸಬೇಡಿ, ಫಾಂಟ್ ಹಾಕಿ ನೋಡಿ. ಡಿಸ್ಕಿಗೆ ವಿಂಡೋಸ್‌ನ ಬಿಟ್‌ಲಾಕರ್ ಎಂಬ ಗೂಢಲಿಪಿ ಬೀಗವಿದ್ದರೆ 48 ಅಂಕಿಗಳ ರಿಕವರಿ ಕೀ ಬೇಕಾಗುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರಬಹುದು, ಮೊದಲೇ ನೋಡಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ ಇದೆ. ಕೈತಪ್ಪಿ ಅಳಿಸಿದ ಫೋಟೊಗಳನ್ನು ಇದೇ ರೀತಿ ಪಡೆಯಬಹುದೇ?
— ಓದುಗರು, ಹಾವೇರಿ

ಉತ್ತರ: ಸಾಧ್ಯತೆ ಬಹಳ ಕಡಿಮೆ. ಎಸ್‌ಎಸ್‌ಡಿ ಎಂದರೆ ತಿರುಗುವ ಬಿಲ್ಲೆಗಳಿಲ್ಲದ, ಚಿಪ್‌ಗಳಲ್ಲಿ ಕಡತ ಇಡುವ ಡಿಸ್ಕ್. ಕಡತ ರಿಸೈಕಲ್ ಬಿನ್‌ನಿಂದಲೂ ಅಳಿದ ಕೂಡಲೇ ವಿಂಡೋಸ್ ಟ್ರಿಮ್ ಎಂಬ ಆದೇಶದ ಮೂಲಕ ಆ ಜಾಗ ಇನ್ನು ಬೇಕಿಲ್ಲವೆಂದು ಎಸ್‌ಎಸ್‌ಡಿಗೆ ತಿಳಿಸುತ್ತದೆ, ಎಸ್‌ಎಸ್‌ಡಿ ಅದನ್ನು ತಾನಾಗಿಯೇ ಖಾಲಿ ಮಾಡಿಕೊಳ್ಳುತ್ತದೆ. ಆದ್ದರಿಂದ ಮೊದಲು ರಿಸೈಕಲ್ ಬಿನ್ ನೋಡಿ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದ ಚಿತ್ರಗಳನ್ನು ಅಲ್ಲಿಂದಲೂ ಅಳಿಸಿದ್ದರೆ ಅವು ಅದರ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತವೆ, ಅಲ್ಲಿಯೂ ಹುಡುಕಿ. ಫೋಟೊಗಳು ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಬಂದವಾಗಿದ್ದರೆ ಆ ಕಾರ್ಡನ್ನು ಮತ್ತೆ ಬಳಸದೆ ತೆಗೆದಿಡಿ, ಅದರ ಮೇಲೆ ಫೋಟೊರೆಕ್ ಫಲ ಕೊಡುವ ಸಾಧ್ಯತೆ ಹೆಚ್ಚು.