ಬೆಂಗಳೂರಲ್ಲಿ ಬಸ್ಸಿನಿಂದ ಒಂದು ವಿಮಾನ ನೆಲೆ ನೋಡಿದೆ, ವಿಮಾನ ತುಂಬಾ ಕೆಳಗೆ ಬರುತ್ತಿತ್ತು, ಯಾಕೆ? ಜಕ್ಕೂರು, ಯಲಹಂಕ ವಿಮಾನ ನೆಲೆಗಳು ಎರಡೂ ಒಂದೇನಾ?

ಅಲ್ಲ, ಬೇರೆ ಬೇರೆ. ಏರ್ ಶೋ ನಡೆಯೋದು ಯಲಹಂಕದ ವಾಯುಪಡೆ ನೆಲೆಯಲ್ಲಿ. ನೀವು ಬಸ್ಸಿನಿಂದ ನೋಡಿದ್ದು ಜಕ್ಕೂರು, ರಾಜ್ಯ ಸರ್ಕಾರದ್ದು. 1948ರಲ್ಲಿ ಶುರುವಾಯಿತು. ಜಾಗ ಮೈಸೂರು ಮಹಾರಾಜರು ಕೊಟ್ಟದ್ದು, ಇನ್ನೂರು ಎಕರೆ ದಾಟುತ್ತದೆ. ಇವತ್ತಿನ ರೇಟಿನಲ್ಲಿ ಲೆಕ್ಕ ಹಾಕೋಕೆ ಹೋಗಬೇಡಿ, ತಲೆ ತಿರುಗುತ್ತೆ!

ಅಲ್ಲಿರೋದು ಸರ್ಕಾರಿ ವೈಮಾನಿಕ ತರಬೇತಿ ಶಾಲೆ. ಎನ್‌ಸಿಸಿ ಹುಡುಗರೂ ಹಾರಲು ಬರುತ್ತಾರೆ. ಕ್ಯಾಪ್ಟನ್ ಗೋಪಿನಾಥ್ ತಮ್ಮ ಅಗ್ಗದ ದರದ ವಿಮಾನ ಸಂಸ್ಥೆ ಏರ್ ಡೆಕ್ಕನ್‌ಗೂ ಮೊದಲು ಹೆಲಿಕಾಪ್ಟರ್ ಕಂಪನಿ ನಡೆಸಿದ್ದು ಇಲ್ಲಿಂದಲೇ.

ವಿಮಾನ ಅಷ್ಟು ಕೆಳಗೆ ಯಾಕೆ ಬರುತ್ತೆ ಅಂದಿರಲ್ಲ, ರನ್‌ವೇಯ ಪಶ್ಚಿಮದ ತುದಿ ಬಳ್ಳಾರಿ ರಸ್ತೆಗೆ ಅಂಟಿಕೊಂಡಂತಿದೆ. ದೇವನಹಳ್ಳಿಯ ದೊಡ್ಡ ಏರ್‌ಪೋರ್ಟಿಗೆ ಹೋಗುವ ಮೇಲ್ಸೇತುವೆ ಎದ್ದ ಮೇಲೆ ಅದು ವಿಮಾನಕ್ಕೆ ಅಡ್ಡವಾಯಿತು. ಅದನ್ನು ದಾಟಿ ಮುಂದೆ ಇಳಿಯಬೇಕು, ಅಷ್ಟರಮಟ್ಟಿಗೆ ರನ್‌ವೇ ಗಿಡ್ಡ. ದೊಡ್ಡ ಏರ್‌ಪೋರ್ಟಿಗೆ ದಾರಿ ಮಾಡೋಕೆ ಚಿಕ್ಕದರ ಕಾಲು ಕತ್ತರಿಸಿದ ಹಾಗಾಯಿತು, ಅಲ್ವಾ?

ಮಗನನ್ನು ಅಲ್ಲಿ ಮೈಕ್ರೋಲೈಟ್ ಅನ್ನೋ ಪುಟ್ಟ ಹಗುರ ವಿಮಾನದಲ್ಲಿ ಕೂರಿಸುವ ಆಸೆಯಿದ್ದರೆ ಮೊದಲು ಫೋನ್ ಮಾಡಿ ವಯಸ್ಸಿನ ನಿಯಮ ಕೇಳಿ. ಎರಡೇ ಸೀಟು: ಒಂದು ಪೈಲಟ್‌ದು, ಇನ್ನೊಂದು ಅವನದು. ನೀವು ಕೆಳಗೇ!